ಅಳಿಯನಿಗೆ ಹೇಳಿಕೊಟ್ಟ ಐದು ಪದ

ಜುಲೈ 13, 2014. ರವಿವಾರ. ಪ್ಲೇನೋ, ಡಲ್ಲಾಸ್ ಪಕ್ಕ

ಎದುರು ಮನೆಯವನ ಸ್ಪ್ರಿಂಕ್ಲರ್ ಇವತ್ತೂ ನಡೆದಿತ್ತು. ಹದಿನೈದು ದಿನಕ್ಕೊಮ್ಮೆ ಮಾತ್ರ ಹುಲ್ಲಿಗೆ ನೀರು ಎಂದು ನಿಯಮ. ಕೆರೆಗಳು ಅರ್ಧ ಖಾಲಿ, ಇಲ್ಲಿ ರಸ್ತೆಯ ತುಂಬ ಹರಿದಿದೆ. ನಗರಸಭೆಗೆ ಪತ್ರ ಬರೆದೆ. ಈ ವರ್ಷದ ಏಳನೆಯದು. ಮೂವತ್ತು ವರ್ಷ ನೀರಿನ ಇಲಾಖೆಗಳಲ್ಲಿ ದುಡಿದವನು, ನೋಡಿ ಸುಮ್ಮನಿರಲು ಆಗುವುದಿಲ್ಲ. ಜಯದೇವಿ ಚಹಾ ಇಟ್ಟು ಹೇಳಿದಳು: "ರಿಟೈರ್ ನೀವ್ ಆಗೀರಿ, ನಿಮ್ಮ ಪೆನ್ನು ಆಗಿಲ್ಲ ನೋಡ್ರಿ."

ಮಧ್ಯಾಹ್ನ ಫ್ರಿಸ್ಕೋದಿಂದ ಮಗಳು ಐಶ್ವರ್ಯಾ, ಅಳಿಯ ಹೆನ್ನಿಂಗ್, ಮೊಮ್ಮಗಳು ಸಿಯಾ ಬಂದರು. ಫುಟ್‌ಬಾಲ್ ವಿಶ್ವಕಪ್ ಫೈನಲ್. ಜರ್ಮನ್ ಅಳಿಯನಿಗಾಗಿ ಜಯದೇವಿ ಬೆಳಗಾವಿ ಕುಂದಾ ಮಾಡಿದ್ದಳು.

ಹದಿನೇಳನೇ ನಿಮಿಷ. ಒಬ್ಬ ಜರ್ಮನ್ ಹುಡುಗನ ಮುಖಕ್ಕೆ ಎದುರಾಳಿಯ ಭುಜ ಬಡಿಯಿತು. ಬಿದ್ದ, ಎದ್ದ, ಮತ್ತೆ ಆಡಿದ. ಹೆನ್ನಿಂಗ್ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟ. "ಅವನು ಅಲ್ಲಿಲ್ಲ ಮಾಮಾ. ಕಾಲು ಓಡ್ತಿವೆ ಅಷ್ಟೆ." ಹೊರಗೆ ಕರೆಯಲು ಅವರಿಗೆ ಹದಿನಾಲ್ಕು ನಿಮಿಷ ಬೇಕಾಯಿತು. ಕೊನೆಗೆ ಜರ್ಮನಿ ಗೆದ್ದಿತು. ಹೆನ್ನಿಂಗ್ ಕೂಗಲಿಲ್ಲ. ಸಿಯಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹಿತ್ತಲಲ್ಲಿ ತಿರುಗಿದ.

ಅವನ ಕಥೆ ನನಗೆ ಬಾಯಿಪಾಠ. ಹಾಲೆ ಎಂಬ ಊರು, ಆಗಿನ ಪೂರ್ವ ಜರ್ಮನಿ. ಗೋಡೆ ಬಿದ್ದಾಗ ಎಂಟು ವರ್ಷ. ಹದಿನೆಂಟಕ್ಕೆ ಮೂರನೇ ದರ್ಜೆಯ ಲೀಗ್. ಇಪ್ಪತ್ತೆರಡಕ್ಕೆ ಎರಡನೆಯದು. 2006ರಲ್ಲಿ ಮೊದಲನೆಯದು — ಬರೀ ಹದಿನಾಲ್ಕು ಪಂದ್ಯ. ಹದಿನಾಲ್ಕನೆಯದರಲ್ಲಿ ತಲೆಗೆ ತಲೆ ಬಡಿಯಿತು. ಪ್ರಾಮಾಣಿಕ ಮನುಷ್ಯ. ಕಣ್ಣು ಮಂಜಾಗಿದೆ ಎಂದು ತಾನೇ ಹೇಳಿ ಹೊರಗೆ ಬಂದ. ಅವನ ಜಾಗಕ್ಕೆ ಇಳಿದವನು ಆರು ವರ್ಷ ಅಲ್ಲಿಂದ ಕದಲಲಿಲ್ಲ. ಆಮೇಲೆ ಆಸ್ಟ್ರಿಯಾ, ಗ್ರೀಸ್, 2011ರಲ್ಲಿ ಹ್ಯೂಸ್ಟನ್ನಿನ ಒಂದು ಸಣ್ಣ ಕ್ಲಬ್ಬು. ಅಲ್ಲಿ ಮುರಿದ ಹಲ್ಲು ಹಿಡಿದುಕೊಂಡು ಹೋದದ್ದು ನನ್ನ ಮಗಳ ಕ್ಲಿನಿಕ್ಕಿಗೆ. ಮರು ವರ್ಷ ಆಸ್ಟಿನ್. ಈಗ ಎರಡು ವರ್ಷದಿಂದ ಡಲ್ಲಾಸ್‌ನ ಟ್ರಿನಿಟಿ ಕ್ಲಬ್ಬು. ಮೂವತ್ಮೂರು ವಯಸ್ಸು. ಡಿಫೆಂಡರ್. ಗೋಲು ಹೊಡೆದವನ ಹೆಸರು ಎಲ್ಲರಿಗೂ ಗೊತ್ತು, ತಡೆದವನದು ಹೆಂಡತಿಯ ಮನೆಯವರಿಗಷ್ಟೇ.

ಹೋಗುವಾಗ ಹೇಳಿದ: "ಒಮ್ಮೆ ಹೊರಗೆ ಬಂದವನ ಜಾಗ ಉಳಿಯೋದಿಲ್ಲ ಮಾಮಾ."

ಆಗಸ್ಟ್ 9, ಶನಿವಾರ

ಡಲ್ಲಾಸ್‌ನಲ್ಲೇ ಪಂದ್ಯ. ಸಂಜೆ ಏಳಕ್ಕೂ ನೂರು ಡಿಗ್ರಿ ಫ್ಯಾರನ್‌ಹೀಟ್. ಎಪ್ಪತ್ತನೇ ನಿಮಿಷಕ್ಕೆ ಕಾರ್ನರ್ ಕಿಕ್, ಮೂಲೆಯಿಂದ ಎತ್ತರಕ್ಕೆ ಬಂದ ಚೆಂಡು. ಹೆನ್ನಿಂಗ್ ಹಾರಿದ, ಎದುರಾಳಿಯೂ ಹಾರಿದ. ನಾವು ಕೂತ ಹನ್ನೆರಡನೇ ಸಾಲಿಗೆ ಸದ್ದು ಕೇಳಿತು. ತೆಂಗಿನಕಾಯಿ ಒಡೆದ ಸದ್ದು.

ಟ್ರೇನರ್ ಮೇಗನ್ ಓಡಿದಳು. ಆಟಗಾರರ ಗಾಯ ನೋಡುವ ಹುಡುಗಿ, ಇಪ್ಪತ್ತಾರಿರಬಹುದು. ಹೆನ್ನಿಂಗ್ ಅವಳ ಕೈ ಸರಿಸಿ ಎದ್ದು ನಿಂತ. ಕೋಚ್ ಹೆಬ್ಬೆರಳು ಎತ್ತಿದ. ಉಳಿದ ಇಪ್ಪತ್ತು ನಿಮಿಷ ಆಡಿಯೇ ಆಡಿದ. ಜನ ಚಪ್ಪಾಳೆ. ನಾನು ಎದ್ದು ನಿಂತು ಕೂಗಿದೆ, "ಹೊರಗೆ ಕರೀರಿ ಅವನನ್ನ!" ಕನ್ನಡದಲ್ಲೇ ಕೂಗಿದೆನಂತೆ. ಯಾರಿಗೆ ತಿಳಿಯಬೇಕು.

ಕಾರಿನಲ್ಲಿ ಕೇಳಿದ, "ಗೆದ್ದೆವಾ?" ಹೌದು ಎಂದಳು ಐಶು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದ. ಹೌದು ಎಂದೆ ನಾನು. ಮೂರನೇ ಸಲವೂ ಕೇಳಿದ.

ಆಗಸ್ಟ್ 10, ರವಿವಾರ

ಹೋದ ಸಲದ ಪೇಪರ್ ಐತೇನು? — ಇದು ನನ್ನ ಬಾಯಿಂದ ತಾನಾಗಿ ಬಂದ ಮಾತು. ಬರೆದಿಡುತ್ತೇನೆ.

ಆದದ್ದು ಇಷ್ಟು. ತಲೆಗೆ ಏಟು ಬಿದ್ದವನಿಗೆ ಪರೀಕ್ಷೆ ಇದೆ. ಸೀಸನ್ನಿಗೆ ಮೊದಲು ಒಮ್ಮೆ ತೆಗೆದುಕೊಂಡಿರುತ್ತಾರೆ, ಏಟಿನ ನಂತರ ಮತ್ತೊಮ್ಮೆ. ಅಂಕ ಸರಿಹೊಂದಿದರೆ ಆಡಬಹುದು. ಶುಕ್ರವಾರ ಪರೀಕ್ಷೆ. ಪಾಸಾಗದೆ ಆಡುವಂತಿಲ್ಲ ಎಂದು ಮೇಗನ್ ಖಡಾಖಂಡಿತ ಹೇಳಿದ್ದಾಳೆ. ಐಶುವೂ ಅಷ್ಟೇ: "ಟೆಸ್ಟ್ ಪಾಸ್ ಆಗೂತನಕಾ ಬಾಲ್ ಮುಟ್ಟೂ ಹಂಗಿಲ್ಲ. ಡನ್."

ಅವಳು ಒಳಗೆ ಹೋದ ಮೇಲೆ ಹೆನ್ನಿಂಗ್ ನನ್ನ ಹತ್ತಿರ ಬಂದು ಕೂತ. ಐದು ಪದ ಹೇಳುತ್ತಾರೆ, ತಿರುಗಿ ಹೇಳಬೇಕು. ಹತ್ತು ನಿಮಿಷ ಬಿಟ್ಟು ಮತ್ತೆ ಹೇಳಬೇಕು. ಅಂಕಿಗಳನ್ನು ಹಿಂದಿನಿಂದ, ತಿಂಗಳುಗಳನ್ನು ಹಿಂದಿನಿಂದ. ಒಂಟಿಕಾಲಲ್ಲಿ ನಿಲ್ಲಬೇಕು. "ನನಗೆ ಬರ್ತಿಲ್ಲ ಮಾಮಾ. ಬೆಳಿಗ್ಗೆ ಒಬ್ಬನೇ ಪ್ರಯತ್ನ ಮಾಡಿದೆ. ಅಕ್ಟೋಬರ್ ಆದಮೇಲೆ ಎಲ್ಲಾ ಖಾಲಿ."

ಆಗ ಕೇಳಿದ್ದು ಆ ಮಾತು. ಪೇಪರ್ ಇದೆ. ಮೇಗನ್ ಹತ್ತಿರ ಪ್ಲಾಸ್ಟಿಕ್ ಹಾಕಿಸಿದ ಒಂದೇ ಹಾಳೆ, ಪ್ರತಿ ಸಲವೂ ಅದೇ. ಅದರ ಫೋಟೋ ಟೀಮಿನ ಹುಡುಗರೆಲ್ಲರ ಫೋನಿನಲ್ಲಿದೆ.

ಈ ಮನೆಯಲ್ಲಿ ಪರೀಕ್ಷೆಗೆ ಹಾಗೇ ಹೋದವರು ಯಾರೂ ಇಲ್ಲ. ಜಯದೇವಿಯ ಪೌರತ್ವ ಪರೀಕ್ಷೆಗೆ ನೂರು ಪ್ರಶ್ನೆ ಬಾಯಿಪಾಠ ಮಾಡಿಸಿದವನು ನಾನು. ಐಶುವಿನ ಡೆಂಟಲ್ ಕಾಲೇಜಿನ ಪ್ರವೇಶಕ್ಕೆ ಏಳು ವರ್ಷದ ಹಳೇ ಪೇಪರ್ ಬಿಡಿಸಿದವನೂ ನಾನು. ಡ್ರೈವಿಂಗ್ ಟೆಸ್ಟಿನ ಹಿಂದಿನ ದಿನ ಆ ರಸ್ತೆಯಲ್ಲೇ ಮೂರು ಸಲ ಓಡಿಸಿ ತೋರಿಸಿದ್ದೆ. ಇದೂ ಒಂದು ಪರೀಕ್ಷೆ. ಬುದ್ಧಿಗೆ ವ್ಯಾಯಾಮ ಕೊಟ್ಟರೆ ಬೇಗ ಚೇತರಿಸುತ್ತದೆ, ಒಳ್ಳೆಯದೇ.

ನಾಳೆಯಿಂದ ಬೆಳಿಗ್ಗೆ ಆರಕ್ಕೆ ಬಾ ಎಂದೆ. "ಐಶುಗೆ ಹೇಳಬೇಡಿ" ಎಂದ. ಹೇಳುವುದಿಲ್ಲ ಎಂದೆ. ಈ ಪುಸ್ತಕ ಎಲ್ಲಿ ಬಿದ್ದಿದ್ದರೂ ಚಿಂತೆಯಿಲ್ಲ. ಅವಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಜಯದೇವಿಗೆ ನನ್ನ ಅಕ್ಷರ ಕಂಡರೇ ತಲೆನೋವು.

ಆಗಸ್ಟ್ 13, ಬುಧವಾರ

ಲ್ಯಾಂಪ್, ಆರೆಂಜ್, ಹ್ಯಾಮರ್, ರಿವರ್, ಬಟನ್.

ದೀಪದ ಬೆಳಕಿನಲ್ಲಿ ಕಿತ್ತಳೆ, ಅದನ್ನು ಸುತ್ತಿಗೆಯಿಂದ ಜಜ್ಜಿದೆ, ರಸ ಹೊಳೆಯಾಯಿತು, ಹೊಳೆಯಲ್ಲಿ ಅಂಗಿಯ ಗುಂಡಿ ತೇಲಿತು. ಕಥೆ ಕಟ್ಟಿಕೊಟ್ಟೆ. ಹಿಡಿದುಕೊಂಡ. ತಿಂಗಳುಗಳು ಹಿಂದಿನಿಂದ, ಮೊದಲು ಇಂಗ್ಲಿಷಿನಲ್ಲಿ. ಆಮೇಲೆ ಹುಕಿ ಬಂದು ಫಾಲ್ಗುಣ, ಮಾಘ, ಪುಷ್ಯ ಹೇಳಿಕೊಟ್ಟೆ. ಪುಷ್ಯದಲ್ಲಿ ನಾಲಿಗೆ ತೊಡರಿತು. ಅಂಕಿಗಳಿಗೆ ಮಗ್ಗಿ — ಇಪ್ಪತ್ತರಿಂದ ಕೆಳಕ್ಕೆ. ಒಂಟಿಕಾಲಿಗೆ ಹಿತ್ತಲಲ್ಲಿ ವೃಕ್ಷಾಸನ. ಇಬ್ಬರೂ ಕೊಕ್ಕರೆಗಳ ಹಾಗೆ ನಿಂತಿದ್ದೆವು. ಜಯದೇವಿ ಕಿಟಕಿಯಿಂದ: "ಅಳಿಯಾಗ ಯೋಗ ಕಲಸಾಕತ್ತೀರೇನ್ರಿ? ಮದಲ ನಿಮ್ಮ ಹೊಟ್ಟಿ ಒಳಗ ತಗೋರಿ!"

"ಹೌದ್ರೀ ಅತ್ತೀ" ಎಂದ ಹೆನ್ನಿಂಗ್. ಅವನಿಗೆ ಬರುವ ನಾಲ್ಕು ಕನ್ನಡ ಮಾತಿನಲ್ಲಿ ಒಂದು; ಉಳಿದದ್ದೆಲ್ಲ ಇಂಗ್ಲಿಷು.

ಕಪ್ಪು ಕನ್ನಡಕ ತೆಗೆಯಲೇ ಇಲ್ಲ. ಸೂರ್ಯ ಇನ್ನೂ ಬೇಲಿ ದಾಟಿರಲಿಲ್ಲ. ಬೆಳಕಿಗೆ ಕಣ್ಣು ನೋಯುತ್ತದೆಯೇ ಎಂದೆ. ನೋಯುತ್ತದೆ ಎಂದ. ಪರೀಕ್ಷೆಯಲ್ಲಿ ಅದನ್ನು ಕೇಳುತ್ತಾರೆಯೇ ಎಂದೆ.

"ಕೇಳ್ತಾರೆ. ಇಲ್ಲ ಅಂದರೆ ಸಾಕು."

ನಾನು ಮುಂದಿನ ಪ್ರಶ್ನೆಗೆ ಹೋದೆ.

ಆಗಸ್ಟ್ 15, ಶುಕ್ರವಾರ

ಪಾಸ್! ಐದಕ್ಕೆ ಐದು. ತಿಂಗಳು, ಅಂಕಿ, ಒಂಟಿಕಾಲು — ಒಂದೂ ತಪ್ಪಿಲ್ಲ. ಸೀಸನ್ ಮೊದಲಿನದಕ್ಕಿಂತ ಹೆಚ್ಚು ಅಂಕ. ಮೇಗನ್‌ಗೇ ಆಶ್ಚರ್ಯವಂತೆ. ಫೋನಿನಲ್ಲಿ ಕೂಗಿದ, "ಮಾಮಾ, ಫಸ್ಟ್ ರ‍್ಯಾಂಕ್!" ನಾನೇ ಕಲಿಸಿದ ಮಾತು.

ಜಯದೇವಿ ಮತ್ತೆ ಕುಂದಾ ಮಾಡಿದಳು. ಎರಡು ಬಟ್ಟಲು ತಿಂದೆ.

ಆಗಸ್ಟ್ 30, ಶನಿವಾರ. ಹ್ಯೂಸ್ಟನ್

ಆಸ್ಪತ್ರೆಯ ಕೆಫೆಟೇರಿಯಾದಲ್ಲಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ನಾಲ್ಕು ತಾಸು ಡ್ರೈವ್ ಮಾಡಿ ಬಂದೆವು. ಮಧ್ಯಾಹ್ನ ಪಂದ್ಯ. ಅರ್ಧ ತಾಸಾಗಿತ್ತು. ದೊಡ್ಡ ಡಿಕ್ಕಿಯೇನಲ್ಲ, ಎತ್ತರದಿಂದ ಬಂದ ಚೆಂಡು, ದಿನಕ್ಕೆ ಐವತ್ತು ಸಲ ತಲೆಯಿಂದ ಹೊಡೆಯುವಂಥದ್ದು. ಹೊಡೆದ. ನಿಂತೇ ಇದ್ದ. ಮುಂದೆ ಕಾರ್ನರ್ ಬಂತು. ಎದುರಾಳಿಗೆ ಅಂಟಿಕೊಂಡು ನಿಲ್ಲಬೇಕಾದವನು ತನ್ನ ಟೀಮಿನವನನ್ನೇ ಹಿಡಿದು ನಿಂತ. ಅಂಗಿಯ ಬಣ್ಣ ಒಂದೇ. ಅವನು ನಕ್ಕು ತಳ್ಳಿದ, ಹೆನ್ನಿಂಗ್ ಬಿಡಲಿಲ್ಲ. ಹತ್ತು ಸೆಕೆಂಡು. ಮೈದಾನದಲ್ಲಿ ಯಾರೂ ಗಮನಿಸಲಿಲ್ಲ. ನಾನು ಗಮನಿಸಿದೆ. ಅವನು ಅಲ್ಲಿರಲಿಲ್ಲ, ಕಾಲು ಮಾತ್ರ ಇದ್ದವು.

ಆಮೇಲೆ ಮಂಡಿಯೂರಿದ. ಆಮೇಲೆ ಮಲಗಿದ.

ಐಶು ಬೇಲಿ ಹತ್ತಿ ಇಳಿದಳು. ನನ್ನ ಮಗಳು ಅಷ್ಟು ಎತ್ತರ ಹತ್ತಬಲ್ಲಳು ಎಂದು ನನಗೆ ಗೊತ್ತಿರಲಿಲ್ಲ.

ಸೆಪ್ಟೆಂಬರ್ 16, ಮಂಗಳವಾರ. ಪ್ಲೇನೋ

ಹದಿನೇಳು ದಿನ ಏನೂ ಬರೆಯಲಿಲ್ಲ.

ಮೊದಲ ಏಟಿಗೆ ಮಿದುಳಿನಲ್ಲಿ ಎದ್ದ ಊತ ಇಳಿಯುವ ಮುಂಚೆ ಎರಡನೆಯದು ಬಿತ್ತು ಎಂದು ವೈದ್ಯರು. ಬದುಕಿದ್ದೇ ಹೆಚ್ಚು. ಈಗ ಮೂವರೂ ನಮ್ಮ ಮನೆಯಲ್ಲೇ. ಹೆನ್ನಿಂಗ್ ನಡೆಯುತ್ತಾನೆ, ಉಣ್ಣುತ್ತಾನೆ, ಸಿಯಾಳೊಂದಿಗೆ ಬ್ಲಾಕ್ ಕಟ್ಟುತ್ತಾನೆ. ಮಾತು ಮಧ್ಯದಲ್ಲಿ ನಿಲ್ಲುತ್ತದೆ. ಬಾಗಿಲಲ್ಲಿ ನಿಂತು, ಏಕೆ ಎದ್ದು ಬಂದೆ ಎಂದು ಯೋಚಿಸುತ್ತಾನೆ. ಮಿಕ್ಸರ್ ಹಾಕಿದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ಜಯದೇವಿ ಈಗ ಚಟ್ನಿಯನ್ನು ಗ್ಯಾರೇಜಿನಲ್ಲಿ ಅರೆಯುತ್ತಾಳೆ.

ಐಶು ಹಲ್ಲು ಕಚ್ಚಿ: "ಆ ಟೆಸ್ಟ್ ಒಂದು ಜೋಕ್, ಅಪ್ಪಾ. ಅವರು ಅವನನ್ನ ಹೆಂಗ್ ಪಾಸ್ ಮಾಡಿದ್ರು? ನೀವು ಬರೀರಿ. ನಿಮ್ಮಂಗ ಬರಿಯೋರು ಯಾರೂ ಇಲ್ಲ."

ಬರೆದೆ. ಕ್ಲಬ್ಬಿಗೆ, ಲೀಗಿಗೆ, ಎರಡು ಪತ್ರಿಕೆಗಳಿಗೆ. ನಾಲ್ಕು ಪುಟ. ಸಿಟ್ಟು ಬೇಕಾದಷ್ಟಿತ್ತು. 1991ರದನ್ನೂ ಸೇರಿಸಿದೆ. ಹ್ಯೂಸ್ಟನ್ ಹತ್ತಿರದ ಸಣ್ಣ ಊರಿನಲ್ಲಿ ಕೆಲಸ. ನಲ್ಲಿ ನೀರಿನಲ್ಲಿ ಸೀಸ. ಮೇಲಿನವರು ಮೊದಲು ಎರಡು ತಾಸು ನಲ್ಲಿ ಬಿಟ್ಟು, ಪೈಪಿನಲ್ಲಿ ನಿಂತ ನೀರೆಲ್ಲ ಹರಿದುಹೋದ ಮೇಲೆ ಸ್ಯಾಂಪಲ್ ಹಿಡಿಯುತ್ತಿದ್ದರು. ರಿಪೋರ್ಟ್ ಸ್ವಚ್ಛ. ನಾನು ಸಹಿ ಹಾಕಲಿಲ್ಲ, ಕೆಲಸ ಬಿಟ್ಟೆ. ಸುಳ್ಳು ಪರೀಕ್ಷೆ ಪರೀಕ್ಷೆ ಇಲ್ಲದಿರುವುದಕ್ಕಿಂತ ಕೆಟ್ಟದ್ದು — ಹೀಗೆ ಮುಗಿಸಿದೆ. ಐಶು ಓದಿ ನನ್ನ ಹೆಗಲ ಮೇಲೆ ತಲೆಯಿಟ್ಟಳು.

ಸಹಿ ಹಾಕುವಾಗ ಏನೂ ಅನ್ನಿಸಲಿಲ್ಲವೇ? ಅನ್ನಿಸಿತು. ಹಾಕಿದೆ.

ಸೆಪ್ಟೆಂಬರ್ 26, ಶುಕ್ರವಾರ

ಕ್ಲಬ್ಬಿನ ಉತ್ತರ. ಪರೀಕ್ಷೆಯ ಹಾಳೆಯ ನಕಲು ಲಗತ್ತಿಸಿದ್ದಾರೆ. ಮೇಗನ್‌ಳ ದುಂಡು ಅಕ್ಷರ. ಐದು ಪದ, ಐದೂ ಸರಿ. ಬೆಳಕಿಗೆ ನೋವು: ಇಲ್ಲ. ತಲೆನೋವು: ಇಲ್ಲ. ಕೊನೆಯಲ್ಲಿ ಒಂದು ಸಾಲು: ದೂರನ್ನು ಗಂಭೀರವಾಗಿ ಪರಿಗಣಿಸಿ, ಪರೀಕ್ಷೆ ನಡೆಸಿದ ಟ್ರೇನರನ್ನು ಕೆಲಸದಿಂದ ತೆಗೆಯಲಾಗಿದೆ.

ಕೋಚ್ ಅಲ್ಲೇ ಇದ್ದಾನೆ. ಹೆಬ್ಬೆರಳು ಎತ್ತಿದವನು.

ಐಶು, "ಗುಡ್" ಎಂದಳು.

ಹಾಳೆ ಹಿಡಿದು ಬಚ್ಚಲಿಗೆ ಹೋದೆ. ನಲ್ಲಿ ಬಿಟ್ಟು ಬಹಳ ಹೊತ್ತು ನಿಂತೆ. ಎರಡು ತಾಸು ನೀರು ಹರಿಸಿದವರು ಮೇಲಿನವರು. ಐದು ದಿನ ಹರಿಸಿದವನು ನಾನು.

ಅಕ್ಟೋಬರ್ 4, ಶನಿವಾರ

ಮೇಗನ್ ಬಂದಿದ್ದಳು. ಮನೆಯಲ್ಲಿ ಐಶು ಇರಲಿಲ್ಲ, ಪುಣ್ಯ. ಒಳಗೆ ಬಾ ಎಂದರೂ ಬರಲಿಲ್ಲ. ಕೈಯಲ್ಲಿ ಒಂದು ಹೂವಿನ ಕುಂಡ. ಜಗಳಕ್ಕೆ ಬಂದಿದ್ದರೆ ಎಷ್ಟೋ ಸುಲಭವಿತ್ತು.

"ಅವರನ್ನ ನೋಡಿಕೊಳ್ಳಬೇಕಾದವಳು ನಾನು" ಎಂದಳು. "ದಿನಾ ಆ ಹಾಳೆ ನೋಡ್ತೀನಿ ಸರ್. ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲ. ಗೊತ್ತಾಗೋತನಕ ಇನ್ನೊಂದು ಟೀಮಿಗೆ ಹೋಗೋ ಧೈರ್ಯ ಇಲ್ಲ."

ನೀನು ತಪ್ಪಲಿಲ್ಲ ಎನ್ನಲು ಎರಡು ಪದ ಸಾಕು. ಹೂವು ಚೆನ್ನಾಗಿದೆ ಎಂದೆ.

ಕುಂಡಕ್ಕೆ ನೀರು ಹಾಕಿದವಳು ಜಯದೇವಿ. ನಾನು ಅದರ ಕಡೆ ನೋಡುತ್ತಿಲ್ಲ.

ಅಕ್ಟೋಬರ್ 18, ಶನಿವಾರ

ದೇವರು ಕಾಪಾಡಿದ ಎನ್ನುತ್ತಾಳೆ ಜಯದೇವಿ. ನನಗೆ ಆ ಮಾತಾಡುವ ಹಕ್ಕಿಲ್ಲ.

ಬೆಳಿಗ್ಗೆ ಹೆನ್ನಿಂಗ್ ಖುಷಿಯಾಗಿದ್ದ. ಹಿತ್ತಲಿಗೆ ಬಂದು, "ಮಾಮಾ, ಟ್ಯೂಷನ್?" ಎಂದ. ಬೇಡ ಎನ್ನುವಷ್ಟರಲ್ಲಿ ಶುರು ಮಾಡಿದ. ಡಿಸೆಂಬರ್, ನವೆಂಬರ್, ಅಕ್ಟೋಬರ್... ಜನವರಿಯ ತನಕ ತಡವರಿಸದೆ. ಐದು ಪದ. ಫಾಲ್ಗುಣ, ಮಾಘ, ಪುಷ್ಯ ಕೂಡ. ನನ್ನ ಎದೆ ಹಗುರಾಯಿತು. ಹುಷಾರಾಗುತ್ತಿದ್ದಾನೆ! ಐಶು ಕ್ಲಿನಿಕ್ಕಿನಲ್ಲಿದ್ದಳು. ಜಯದೇವಿಗೆ ಮೆಂತೆ ಸೊಪ್ಪು ಬೇಕಿತ್ತು. ಕ್ಯಾರಲ್ಟನ್‌ನ ಭಾರತೀಯ ಅಂಗಡಿ, ಇಪ್ಪತ್ತು ನಿಮಿಷ. "ನಾನು ಹೋಗಿ ಬರ್ತೀನಿ, ಸಿಯಾಳನ್ನೂ ಕರೆದೊಯ್ತೀನಿ" ಎಂದ ಹೆನ್ನಿಂಗ್. ಡ್ರೈವ್ ಮಾಡಬಾರದು ಎಂದು ವೈದ್ಯರು ಬರೆದು ಕೊಟ್ಟಿದ್ದಾರೆ. ಕೀಲಿ ಕೊಟ್ಟವನು ನಾನು. ಅವನು ತಿಂಗಳುಗಳನ್ನು ಸರಿಯಾಗಿ ಹೇಳಿದ್ದನಲ್ಲ!

ಒಂದು ತಾಸು. ಎರಡು. ಫೋನ್ ಎತ್ತಲಿಲ್ಲ. ಐಶು ಬಂದಳು, ಪೊಲೀಸರಿಗೆ ಹೇಳಿದಳು. ಹೊರಗೆ ತೊಂಬತ್ತರ ಬಿಸಿಲು. ಇಂಥ ಬಿಸಿಲಲ್ಲಿ ಮುಚ್ಚಿದ ಕಾರು, ಹಿಂದಿನ ಸೀಟಿನಲ್ಲಿ ಕೂಸು — ಈ ಊರಿನ ಪತ್ರಿಕೆಗಳಲ್ಲಿ ಪ್ರತಿ ಬೇಸಿಗೆ ಓದುತ್ತೇವೆ. ಐಶು ನೆಲದ ಮೇಲೆ ಕೂತಿದ್ದಳು.

ನಾಲ್ಕು ತಾಸಿನ ಮೇಲೆ ನನ್ನ ಫೋನಿಗೆ ಅವನ ಕರೆ ಬಂತು. "ಮಾಮಾ, ಗೇಟ್ ಮುಚ್ಚಿದೆ. ಪ್ರಾಕ್ಟೀಸ್‌ಗೆ ಯಾರೂ ಬಂದಿಲ್ಲ."

ಆಸ್ಟಿನ್. 2012ರಲ್ಲಿ ಅವನು ಆಡುತ್ತಿದ್ದ ಮೈದಾನ. ಮೂರೂವರೆ ತಾಸಿನ ದಾರಿ. ಹಿಂದೆ ಸಿಯಾಳ ಅಳು ಕೇಳುತ್ತಿತ್ತು, ಗಂಟಲು ಒಣಗಿದ ಅಳು. ಕೂಸು ಎಲ್ಲಿದೆ ಹೆನ್ನಿಂಗ್ ಎಂದೆ. ಅವನು ಕೇಳಿದ: "ಯಾರ ಕೂಸು?"

ಪೊಲೀಸರು ತಲುಪುವ ತನಕ ನಾನು ಫೋನಿನಲ್ಲಿ ಮಾತಾಡುತ್ತಲೇ ಇದ್ದೆ. ಎಂಜಿನ್ ಆಫ್ ಮಾಡಬೇಡ. ಎಸಿ ಹಾಗೇ ಇರಲಿ. ಅವಳಿಗೆ ನೀರು ಕೊಡು. ಹಾಲೆ ಊರಿನ ಕಥೆ ಹೇಳು ನನಗೆ. ಹೇಳಿದ. ಎಂಟು ವರ್ಷದ ಹುಡುಗ, ಗೋಡೆ ಬಿದ್ದ ವಾರ, ಅಪ್ಪ ಕೊಡಿಸಿದ ಚರ್ಮದ ಚೆಂಡು. ಅದೆಲ್ಲ ಸ್ಪಷ್ಟ, ಒಂದೊಂದು ಹೊಲಿಗೆ ಸಮೇತ.

ಸಿಯಾ ಹುಷಾರಾಗಿದ್ದಾಳೆ. ಐಶು ನನ್ನನ್ನು ಒಂದೇ ಪ್ರಶ್ನೆ ಕೇಳಿದಳು. "ಕೀಲಿ ಯಾಕ್ ಕೊಟ್ರಿ ಅಪ್ಪಾ?"

ಚೆನ್ನಾಗಿ ಕಂಡ, ಅದಕ್ಕೆ, ಎಂದೆ.

ಅಕ್ಟೋಬರ್ 23

ಇವತ್ತು ಹೇಳಬೇಕೆಂದಿದ್ದೆ. ಅವಳು ಅಡುಗೆಮನೆಯಲ್ಲಿ ನಿಂತೇ ನಿದ್ದೆ ಮಾಡುತ್ತಿದ್ದಳು.

ಅಕ್ಟೋಬರ್ 29

ಹೇಳಲಿಲ್ಲ.

ನವೆಂಬರ್ 3, ಸೋಮವಾರ. ಹ್ಯೂಸ್ಟನ್. ಬೆಳಿಗ್ಗೆ 11:20

ಮಿದುಳಿನ ದೊಡ್ಡ ತಜ್ಞೆ. ಆರು ವಾರ ಕಾದು ಸಿಕ್ಕ ಅಪಾಯಿಂಟ್ಮೆಂಟ್. ಎಷ್ಟು ಹಾಳಾಗಿದೆ, ಏನು ಮಾಡಬಹುದು, ಕೂಸಿನೊಂದಿಗೆ ಒಂಟಿಯಾಗಿ ಬಿಡಬಹುದೇ — ಎಲ್ಲ ಅವರ ಮಾತಿನ ಮೇಲೆ. ಹೆನ್ನಿಂಗ್, ಐಶು, ನಾನು — ಮೂವರನ್ನೂ ಒಳಗೆ ಕೂರಿಸಿದರು.

ಕ್ಲಬ್ಬಿನ ಹಾಳೆ ನೋಡಿ ಹುಬ್ಬೇರಿಸಿದರು. ಆಗಸ್ಟ್ ಹದಿನೈದಕ್ಕೆ ಇಷ್ಟು ಚೆನ್ನಾಗಿದ್ದವರು ಹದಿನೈದು ದಿನದಲ್ಲಿ ಹೀಗಾದರೆ, ಇದು ಏಟಿನದಲ್ಲ, ಬೇರೆ ರೋಗವಿರಬೇಕು. ಬೇರೆ ಔಷಧ, ಬೇರೆ ದಾರಿ ಎಂದರು. ಅಂದರೆ ಆ ಹಾಳೆ ಇನ್ನೂ ಕೆಲಸ ಮಾಡುತ್ತಿದೆ.

ಐದು ಪದ ಹೇಳುತ್ತೇನೆ, ತಿರುಗಿ ಹೇಳಿ ಎಂದರು. ಅವರವು ಬೇರೆ: ಟೊಮ್ಯಾಟೊ, ಲ್ಯಾಡರ್, ಕೋಟ್, ಇನ್ನೆರಡು.

ಹೆನ್ನಿಂಗ್ ನೆಟ್ಟಗೆ ಕೂತ. ನನ್ನ ಕಡೆ ನೋಡಿ ನಕ್ಕ. ಮೇಷ್ಟರ ಮುಂದೆ ಜಾಣ ಹುಡುಗ ನಗುವ ಹಾಗೆ.

"ಲ್ಯಾಂಪ್. ಆರೆಂಜ್. ಹ್ಯಾಮರ್. ರಿವರ್. ಬಟನ್."

ವೈದ್ಯೆ ಪೆನ್ನು ಕೆಳಗಿಟ್ಟರು. ಈ ಪದಗಳು ಎಲ್ಲಿಯವು ಎಂದು ಕೇಳಿದರು. ಹೆನ್ನಿಂಗ್ ತುಟಿಯ ಮೇಲೆ ಬೆರಳಿಟ್ಟು ಮತ್ತೆ ನನ್ನನ್ನೇ ನೋಡಿದ. ಎಲ್ಲ ಮರೆತಿದ್ದಾನೆ, ನಮ್ಮಿಬ್ಬರ ಗುಟ್ಟು ಮರೆತಿಲ್ಲ. ಐಶು ತಿರುಗಿದಳು. ಮೊದಲು ಅವನ ಕಡೆ, ಆಮೇಲೆ ನನ್ನ ಕಡೆ.

ನೀರು ಕುಡಿದು ಬರುತ್ತೇನೆ ಎಂದು ಹೊರಗೆ ಬಂದೆ. ಕುಡಿದಿಲ್ಲ. ಕುರ್ಚಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಊರಿನವರ ತಪ್ಪುಗಳನ್ನೆಲ್ಲ ಇಸವಿ ಸಮೇತ ನೆನಪಿಟ್ಟವನು.

ಬಾಗಿಲು ತೆರೆಯಿತು. ಐಶು. ಎದುರಿಗೆ ಬಂದು ನಿಂತಿದ್ದಾಳೆ.

"ಏನ್ ಬರಿಯಾಕತ್ತೀರಿ ಅಪ್ಪಾ? ಕೊಡ್ರಿ ಇಲ್ಲೆ."

ಕೊಟ್ಟರೂ ಅವಳಿಗೆ ಓದಲು ಬರುವುದಿಲ್ಲ. ನಾನೇ ಓದಿ ಹೇಳಬೇಕು. ಜೋರಾಗಿ, ವೈದ್ಯೆಯ ಮುಂದೆ, ಒಂದೊಂದು ಸಾಲೂ. ಪುಟ ತಿರುವುತ್ತಿದ್ದೇನೆ. ಆಗಸ್ಟ್ ಹತ್ತು, ರವಿವಾರ. ಇಲ್ಲಿಂದಲೇ ಓದುತ್ತೇನೆ: ಹೋದ ಸಲದ ಪೇಪರ್ ಐತೇನು?